ಹಳೆಯ ಸ್ಕ್ಯಾನ್

ಡಾಕ್ಟರಮ್ಮ ಎರಡು ಸ್ಕ್ಯಾನ್‌ಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು, ಪೆನ್ನಿನ ತುದಿಯಿಂದ ಹಳೆಯದನ್ನು ತಟ್ಟಿದರು.

"ಆಸ್ಪತ್ರೆಯಿಂದ ತರಿಸಿದೆ. ಎರಡು ವರ್ಷದ ಹಿಂದಿನದು. ಮಂಡಿ ಆಗಲೇ ಪೂರ್ತಿ ಸವೆದಿದೆ. ಇನ್ನು ಆಡಬಾರದು ಅಂತ ಕೆಳಗೆ ಬರೆದಿದ್ದಾರಲ್ಲ, ನೀವು ಓದಲಿಲ್ವಾ?"

ಹೌಕೆ ಬ್ರೋಡರ್ಸನ್ ಓದಿರಲಿಲ್ಲ. ಹದಿನಾರು ವರ್ಷ ಹ್ಯಾಂಡ್‌ಬಾಲ್ ಆಡಿ, ಬರುವ ಶನಿವಾರ ನಿವೃತ್ತನಾಗಲಿದ್ದ. ಆಟ ಬಿಟ್ಟ ಮೇಲಾದರೂ ನೋವು ಹೋಗುತ್ತದಾ ಎಂದು ಕೇಳಲು ಬಂದಿದ್ದ, ಅಷ್ಟೇ. ಆ ವರದಿ ಹೋಗಿದ್ದು ಕ್ಲಬ್ಬಿಗೆ. "ಬರೀ ಊತವಂತೆ ಕಣೋ, ಇಂಜೆಕ್ಷನ್‌ಗೆ ಇಳಿಯುತ್ತೆ" ಎಂದು ಅವನ ಬೆನ್ನು ತಟ್ಟಿದ್ದವನು ಕೋಚ್ ಯೋರ್ನ್. ಮೊದಲು ತಾನೂ ಆಟಗಾರನಾಗಿದ್ದಾಗ, ಹೊರ ಊರುಗಳ ಪಂದ್ಯಕ್ಕೆ ಹೋದಲ್ಲೆಲ್ಲ ಹತ್ತು ವರ್ಷ ಅವನ ಜೊತೆ ಒಂದೇ ಕೋಣೆಯಲ್ಲಿ ಮಲಗಿದ್ದವನು, ಹೌಕೆಯ ಮದುವೆಗೆ ಸಾಕ್ಷಿಯಾಗಿ ಸಹಿ ಹಾಕಿದ್ದವನು.

ಯೋರ್ನ್ ಕ್ರೀಡಾಂಗಣದಲ್ಲಿ ಒಬ್ಬನೇ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದ.

"ಮೊಯಿನ್, ಮುದುಕ!" ಎಂದು ಊರಿನ ವಾಡಿಕೆಯಂತೆ ನಮಸ್ಕಾರ ಹೇಳಿದ. "ಭಾಷಣ ಬರೆದುಕೊಂಡ್ಯಾ?"

ಹೌಕೆ ಆ ಹಳೆಯ ವರದಿಯ ಪ್ರತಿಯನ್ನು ಚಾಚಿದ. ಯೋರ್ನ್ ನೋಡಿದ. ಏನಿದು ಎಂದು ಕೇಳಲಿಲ್ಲ. ಹೌಕೆಗೆ ಅಲ್ಲೇ ಉತ್ತರ ಸಿಕ್ಕಿತು.

"ಕೆಳಗಿನ ಲೀಗಿಗೆ ಬೀಳೋದರಲ್ಲಿದ್ವಿ ಕಣೋ. ಗೋಲಿನ ಮುಂದೆ ಅಷ್ಟು ಎದುರಾಳಿಗಳ ಗುದ್ದಿಗೆ ಬೆನ್ನು ಕೊಟ್ಟು ನಿಲ್ಲೋಕೆ ನಿನ್ನ ಬಿಟ್ರೆ ಯಾರಿದ್ರು? ಹೇಳಿದ್ರೂ ನೀನು ಆಡ್ತಿದ್ದೆ."

"ಆಡ್ತಿದ್ದೆನೇನೋ. ಅದನ್ನ ನಾನು ಹೇಳಬೇಕಿತ್ತು."

"ಶನಿವಾರ ಮುಗೀಲಿ, ಕೂತು ಮಾತಾಡೋಣ. ಎಲ್ಲರ ಮುಂದೆ ರಾದ್ಧಾಂತ ಮಾಡಬೇಡ ಮಾರಾಯ."

ಶನಿವಾರ ಪಂದ್ಯ ಮುಗಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತು "ಹೌಕೆ! ಹೌಕೆ!" ಎಂದು ಕೂಗಿತು. ಕೆಲವರ ಕಣ್ಣಲ್ಲಿ ನೀರು. ಯೋರ್ನ್ ಮೈಕ್ ಹಿಡಿದು, "ನೋವು ಅಂದ್ರೇನು ಅಂತಲೇ ಗೊತ್ತಿಲ್ಲ ಈ ಮನುಷ್ಯನಿಗೆ!" ಎಂದು ತೋಳು ಚಾಚಿದ. ಹೌಕೆ ಆ ತೋಳಿಗೆ ಸಿಗದೆ ಮೈಕ್ ಮಾತ್ರ ತೆಗೆದುಕೊಂಡ. ಮೂರು ದಿನದಿಂದ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತನ್ನೆಲ್ಲ ಬದಿಗಿಟ್ಟ.

"ನೋವಾಗ್ತಿತ್ತು," ಎಂದ. "ಯೋರ್ನ್‌ಗೆ ಗೊತ್ತಿತ್ತು."

ಮೊದಲು ಯಾರೋ ಒಬ್ಬರು ನಕ್ಕರು. ಗೆಳೆಯರ ತಮಾಷೆ ಎಂದುಕೊಂಡು ಇಡೀ ಕ್ರೀಡಾಂಗಣ ನಕ್ಕು ಚಪ್ಪಾಳೆ ತಟ್ಟಿತು. ಯೋರ್ನ್ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಹೌಕೆ ಹಿಂಬಾಗಿಲಿನಿಂದ ಹೊರಬಂದ. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಕೆಳಗೆ ಹೆಂಡತಿ ವೀಬ್ಕೆ ಹೂಗುಚ್ಛ ಹಿಡಿದು ನಿಂತು, ಇನ್ನೆಷ್ಟು ಮೆಟ್ಟಿಲಿದೆ ಎಂದು ಮೆಲ್ಲಗೆ ಎಣಿಸಿ ಹೇಳುತ್ತಿದ್ದಳು.