ಪರಂಗಿ ಬೀಜದ ಪುಡಿ

ಪಂಚಪ್ಪನಿಗೆ ಹೆಂಡತಿ ದಾನವ್ವನ ಮೇಲಿದ್ದ ಅನುಮಾನ ಪರಂಗಿ ಬೀಜದ ಮೇಲೆ ತಿರುಗಿದ್ದು ಎಂಬತ್ತಮೂರರ ಬೇಸಿಗೆಯಲ್ಲಿ.

ಹೆಬ್ಬಾಳದ ಆಚೆ ಒಂದು ಸಣ್ಣ ಔಷಧಿ ಕಂಪನಿಯ ಪ್ರಯೋಗಾಲಯದಲ್ಲಿ ಅವನು ಅಟೆಂಡರ್. ಇಲಿಗಳಿಗೆ ಮೇವು ಹಾಕುವುದು, ಪಂಜರ ತೊಳೆಯುವುದು, ಒಣಗಿಸಿದ ಪರಂಗಿ ಬೀಜವನ್ನು ಒರಳಿನಲ್ಲಿ ಕುಟ್ಟಿ ಬಟ್ಟೆಯಲ್ಲಿ ಸೋಸಿಕೊಡುವುದು ಅವನ ಕೆಲಸ. ಎರಡು ವರ್ಷ ಕುಟ್ಟಿದರೂ ಆ ಪುಡಿ ಯಾತಕ್ಕೆಂದು ಅವನು ಕೇಳಿರಲಿಲ್ಲ. ತಿಂಗಳಿಗೆ ಸರಿಯಾಗಿ ಸಂಬಳ ಬರುವಾಗ ಯಾರು ತಾನೇ ಕೇಳುತ್ತಾರೆ? ಅವತ್ತು ಪ್ರಯೋಗಾಲಯ ನೋಡಲು ಬಂದವರಿಗೆ ಅಲ್ಲಿನ ಮುಖ್ಯಸ್ಥ ಡಾಕ್ಟರ್ ಅತಾವುಲ್ಲಾ ವಿವರಿಸುತ್ತಿದ್ದದ್ದು ಕಿವಿಗೆ ಬಿತ್ತು. ಗಂಡಸರಿಗೆ ಮಕ್ಕಳಾಗದಿರಲಿ ಅಂತ ಹಿಂದಿನ ನಾಟಿ ವೈದ್ಯರು ಈ ಬೀಜ ಕೊಡುತ್ತಿದ್ದರಂತೆ. ಅದು ನಿಜವೋ ಸುಳ್ಳೋ ಎಂದು ಗಂಡಿಲಿಗಳಿಗೆ ತಿನ್ನಿಸಿ ನೋಡುತ್ತಿದ್ದಾರಂತೆ. ನಿಜವಾದರೆ, ಆಪರೇಷನ್ ಎಂದರೆ ಓಡಿಹೋಗುವ ಗಂಡಸರಿಗೆ ಮುಂದೆ ಒಂದು ಗುಳಿಗೆ ಮಾಡಬಹುದಂತೆ.

ಪಂಚಪ್ಪ ಒನಕೆ ಕೆಳಗಿಟ್ಟ. ಹೋಗಿ ನಾಲ್ಕು ಸಲ ಸೋಪು ಹಾಕಿ ಕೈ ತೊಳೆದುಕೊಂಡ.

ದಾನವ್ವನಿಗೆ ಮಕ್ಕಳಿಲ್ಲ. ಅವರಿದ್ದ ಅಟ್ಟೂರಿನ ವಠಾರದಲ್ಲಿ, ಊರಲ್ಲಿ, ಎಲ್ಲ ಕಡೆ ಹೀಗೇ ಹೇಳುತ್ತಿದ್ದರು. ಪಂಚಪ್ಪನಿಗೆ ಮಕ್ಕಳಿಲ್ಲ ಎಂದು ಒಬ್ಬರೂ ಹೇಳುತ್ತಿರಲಿಲ್ಲ. ಮದುವೆಯಾಗಿ ಆರು ವರ್ಷ. ದಾನವ್ವ ಕುಡಿಯದ ಕಷಾಯವಿಲ್ಲ, ಸುತ್ತದ ಅರಳಿಕಟ್ಟೆಯಿಲ್ಲ. ದೊಡ್ಡಾಸ್ಪತ್ರೆಯವರು ಎರಡು ಸಲ ಪರೀಕ್ಷೆ ಮಾಡಿ, ನಿನ್ನಲ್ಲಿ ಏನೂ ದೋಷವಿಲ್ಲ, ಗಂಡನನ್ನು ಕರೆದುಕೊಂಡು ಬಾ ಎಂದಿದ್ದರು. ಗಂಡನಿಗೆ ರಜೆ ಸಿಕ್ಕಿರಲಿಲ್ಲ. ಎರಡು ಸಲವೂ ಸಿಕ್ಕಿರಲಿಲ್ಲ. ಈಗ ಊರು ರೋಣದಿಂದ ಪಂಚಪ್ಪನ ಅವ್ವ ರತ್ನಕ್ಕನ ಕಾಗದ ಬಂದಿತ್ತು: ಮುಂದಿನ ಸೋಮವಾರ ಬರುತ್ತೇನೆ, ದಾನವ್ವನನ್ನು ತವರಿಗೆ ಬಿಟ್ಟು ಬರೋಣ, ನನ್ನ ತಮ್ಮನ ಮಗಳನ್ನು ನಿನಗೆ ಮಾತಾಡಿಟ್ಟಿದ್ದೇನೆ.

ಹೀಗಿರುವಾಗ ಪರಂಗಿ ಬೀಜ ದೇವರೇ ಕಳಿಸಿದ ಹಾಗೆ ಬಂತು. ಪಂಚಪ್ಪನಿಗೆ ಸಿಟ್ಟು ಬಂದದ್ದು ನಿಜ, ಆದರೆ ಆ ಸಿಟ್ಟಿನ ಅಡಿಯಲ್ಲಿ ಒಂದಿಷ್ಟು ಖುಷಿಯೂ ಇತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಡಾಕ್ಟರು ಪುಡಿ ಮುಟ್ಟುವಾಗ ಕೈಗೆ ಗವಸು ಹಾಕುತ್ತಾರೆ, ಯಾಕೆ? ಅವರಿಗೆ ಮೂರು ಮಕ್ಕಳು, ಹೇಗೆ? ದಿನಾ ತಮ್ಮ ಫ್ಲಾಸ್ಕಿನಿಂದ ಇವನಿಗೂ ಅರ್ಧ ಲೋಟ ಚಹಾ ಕೊಡುತ್ತಾರೆ, ಅಷ್ಟು ಪ್ರೀತಿ ಯಾತಕ್ಕೆ? ಇಲಿಗಳ ಮೇಲೆ ಮುಗಿಸಿ ಮನುಷ್ಯರ ಮೇಲೆ ಶುರು ಮಾಡಿದ್ದಾರೋ ಏನೋ! ಮರುದಿನದಿಂದ ಅವನು ಆ ಚಹಾವನ್ನು ಕಿಟಕಿಯಾಚೆ ಚೆಲ್ಲತೊಡಗಿದ. ಮೂರನೆಯ ದಿನ ತಡೆಯಲಾರದೆ ಕೇಳಿಯೇಬಿಟ್ಟ.

"ಸಾಹೇಬ್ರ, ಈ ಪುಡಿ ಮೂಗಿನಾಗ ಹೋದ್ರ ಮನಷ್ಯಾಗ ಏನಾಗತೈತ್ರಿ?"

"ಸೀನು ಬರುತ್ತೆ, ಪಂಚಪ್ಪ."

"ನಗಬ್ಯಾಡ್ರಿ. ನನಗ ಮಕ್ಕಳಾಗಿಲ್ಲ."

ಅತಾವುಲ್ಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಇಲಿಗಳಿಗೆ ನಾವು ದಿನಾ ಲೆಕ್ಕ ಹಾಕಿ ತಿನ್ನಿಸ್ತೀವಿ. ಆದ್ರೂ ಅದು ಪೂರ್ತಿ ಕೆಲಸ ಮಾಡುತ್ತೆ ಅಂತ ನನಗೇ ಇನ್ನೂ ಗೊತ್ತಿಲ್ಲ. ಧೂಳಿಗೆಲ್ಲ ಹಾಗಾಗಲ್ಲ ಕಣ್ರೀ. ಅಷ್ಟು ಅನುಮಾನ ಇದ್ರೆ ಒಂದು ಟೆಸ್ಟ್ ಮಾಡಿಸ್ಕೊಳ್ಳಿ. ಈ ರೂಮಲ್ಲಿ ಮರಿ ಆಗ್ಲಿಲ್ಲ ಅಂದ್ರೆ ಮೊದಲು ಯಾರನ್ನ ನೋಡ್ತೀವಿ, ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಪರೀಕ್ಷೆಗೆಂದು ಗಂಡಿಲಿಯನ್ನು ಹಿಡಿದುಕೊಡುತ್ತಿದ್ದವನೇ ಪಂಚಪ್ಪ. ಮರಿ ಹಾಕದ ಹೆಣ್ಣಿಲಿಯನ್ನು ಪಕ್ಕದ ಪಂಜರಕ್ಕೆ, ಪುಡಿ ತಿನ್ನದ ಗಂಡಿನ ಜೊತೆಗೆ ಬಿಡುತ್ತಿದ್ದವನೂ ಅವನೇ. ತಿಂಗಳೊಪ್ಪತ್ತಿನಲ್ಲಿ ಅಲ್ಲಿ ಎಂಟು ಹತ್ತು ಮರಿ ಕಿಚಿಗುಟ್ಟುತ್ತಿದ್ದವು. ಇದು ನೆನಪಾದದ್ದೇ, ಥೂ, ಇಲಿ ಎಲ್ಲಿ, ಮನುಷ್ಯ ಎಲ್ಲಿ, ಎಂದು ತನ್ನನ್ನೇ ಗದರಿಸಿಕೊಂಡ. ಟೆಸ್ಟಿಗಂತೂ ಹೋಗಲಿಲ್ಲ.

ಸೋಮವಾರ ಯಶವಂತಪುರ ಸ್ಟೇಷನ್ನಿನಲ್ಲಿ ಅವ್ವ ಇಳಿದಳು. ಮನೆಗೆ ಬಂದು ಕೈಕಾಲು ತೊಳೆದು ಕೂತದ್ದೇ ತಡ, ಪಂಚಪ್ಪ ಪುಡಿಯ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದ. ಚಹಾದ ವಿಷಯವನ್ನೂ ಬಿಡಲಿಲ್ಲ. ಡಾಕ್ಟರು ಹೇಳಿದ್ದನ್ನು ಮಾತ್ರ ಬಿಟ್ಟ.

ರತ್ನಕ್ಕ ಎದೆ ಎದೆ ಬಡಿದುಕೊಂಡಳು. "ಅವರ ಬಾಯಾಗ ಮಣ್ಣ ಬೀಳ್ಲಿ! ನನ್ನ ಮಗನ ವಂಶಾನ ಕುಟ್ಟಿ ಪುಡಿ ಮಾಡ್ಯಾರಲ್ಲೋ! ಇವತ್ತ ಬಿಡು ಆ ನೌಕರಿ." ಆಮೇಲೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆಯ ಕಡೆ ತಿರುಗಿದಳು. ಆರು ವರ್ಷದಲ್ಲಿ ಮೊದಲ ಸಲ ಅವಳ ದನಿ ಮೆತ್ತಗಾಗಿತ್ತು. "ಪಾಪ, ಈಕೀದೂ ಏನ ತಪ್ಪಿಲ್ಲ ಬಿಡು. ಇನ್ನೊಂದ ವರ್ಷ ನೋಡೂಣಂತ."

ಪಂಚಪ್ಪನಿಗೆ ಉಸಿರು ಬಂತು. ತಪ್ಪು ಅವನದೂ ಅಲ್ಲ, ದಾನವ್ವನದೂ ಅಲ್ಲ, ಪುಡಿಯದು. ದಾನವ್ವ ಬಾಯಿ ಮುಚ್ಚಿಕೊಂಡಿದ್ದರೆ ಅವಳಿಗೂ ಒಂದು ವರ್ಷ ಸಿಗುತ್ತಿತ್ತು. ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಹಿಟ್ಟಿನ ಕೈ ಝಾಡಿಸಿಕೊಂಡು, ಗಂಡನ ಮುಖವನ್ನೇ ನೋಡುತ್ತ ಕೇಳಿದಳು.

"ಪುಡಿ ಕುಟ್ಟಾಕ ಹತ್ತಿ ಎರಡ ವರ್ಷ ಆತ್ರಿ. ಅದಕ್ಕ ಮೊದಲ ನಾಕ ವರ್ಷ ಏನ ಕುಟ್ಟತಿದ್ರಿ?"

"ಏನಂತಾಳೋ ಈಕಿ?" ಎಂದು ರತ್ನಕ್ಕ ಮಗನನ್ನು ಕೇಳಿದಳು.

ಪಂಚಪ್ಪ ರೇಗಿ ದಾನವ್ವನ ಬಾಯಿ ಮುಚ್ಚಿಸಬಹುದಿತ್ತು. ಹಿಂದೆ ಹಾಗೆ ಮಾಡಿದ್ದೂ ಉಂಟು. ಆದರೆ ಇವತ್ತು ಎದುರಿಗೆ ನಿಂತವಳು ಒಂದು ವರ್ಷದ ದಯೆಯನ್ನು ಒಲೆಗೆ ಹಾಕಿ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ತನ್ನ ಅನುಮಾನ ಇಷ್ಟು ದಿನ ಎಲ್ಲೆಲ್ಲಿ ಅಲೆದು ಬಂತು, ತನ್ನೊಬ್ಬನ ಬಾಗಿಲು ಮಾತ್ರ ತಟ್ಟಲಿಲ್ಲ ಎಂಬುದು ಪಂಚಪ್ಪನಿಗೆ ಹೊಳೆಯಿತು.

"ನಾಳೆ ದವಾಖಾನಿಗೆ ಹೋಕ್ಕೀನಿ," ಎಂದ. ತಲೆ ಎತ್ತದೆ, "ಅವ್ವಾ, ಮಾಮಾಗ ಕಾಗದ ಬರಿ. ಹುಡುಗೀನ ಬ್ಯಾರೆ ಕಡೆ ಕೊಡಂತ ಹೇಳು. ಆಕೀಗೂ ಅರಳಿಕಟ್ಟಿ ಸುತ್ತಿಸೂದು ಬ್ಯಾಡ," ಎಂದ.