ಇನ್ನೊಂದು ಚೂರು ಏರಿಸು

ತಣ್ಣಗಿದೆ, ಇದ್ಯಾಕೆ ಇಷ್ಟು ತಣ್ಣಗಿದೆ, ಕತ್ತಿನ ಎಡಮಗ್ಗುಲಿಗೆ ಎರಡು ಲೋಹದ ಗುಂಡಿ, ಗುಂಡಿಗೂ ಚರ್ಮಕ್ಕೂ ನಡುವೆ ಜಿಗುಟು ಜೆಲ್, ಅದೂ ತಣ್ಣಗೆ, ಒಂದು ಹನಿ ಕಾಲರಿನೊಳಕ್ಕೆ ಇಳಿಯುತ್ತಿದೆ, ಒರೆಸಿಕೊಳ್ಳೋಣವೆಂದರೆ ಅಲ್ಲಾಡಬೇಡಿ ಅಂಕಲ್ ಅನ್ನುತ್ತಾಳೆ ಹುಡುಗಿ, ಆಸ್ಪತ್ರೆಯಲ್ಲಿ ನಡಿಗೆ ಅಳೆಯುವ ಹುಡುಗಿ, ಅಲ್ಲಾಡಬೇಡಿ ಅಂತ ಹೇಳುವುದು ಯಾರಿಗೆ, ನನ್ನ ಬಲಗೈ ತನ್ನ ಪಾಡಿಗೆ ತಾನು ತೊಡೆಯ ಮೇಲೆ ಇಲ್ಲದ ಗುಳಿಗೆಯನ್ನು ಉರುಳಿಸುತ್ತ ಕೂತಿದೆ, ಅದಕ್ಕೆ ಹೇಳಲಿ ನೋಡೋಣ — ಮನೆಯಲ್ಲಿ ಹೀಗಿರಲಿಲ್ಲ, ಮನೆಯಲ್ಲಿ ಈ ಯಂತ್ರ ಬೆಚ್ಚಗಿರುತ್ತಿತ್ತು, ಮೆತ್ತಗೂ ಇರುತ್ತಿತ್ತು, ಇದು ಅದೇ ಯಂತ್ರ ಹೌದೋ ಅಲ್ಲವೋ, ಪಕ್ಕದಲ್ಲಿ ಕೂತಿದ್ದಾಳಲ್ಲ ಇವಳು, ನನ್ನ ಹೆಂಡತಿ, ಇವಳ ಕೈಚೀಲದಲ್ಲಿ ತಂದದ್ದು, ಬಾಗಿಲಲ್ಲೇ ಹುಡುಗಿ ಇಸಿದುಕೊಂಡು ಒಳಗಿನ ಕೋಣೆಗೆ ಹೋಗಿ ಬಂದಳು, ಚಾರ್ಜ್ ಇದೆಯಾ ನೋಡಿದೆ ಅಂದಳು, ಚಾರ್ಜ್ ನೋಡಲು ಬಾಗಿಲು ಯಾಕೆ ಹಾಕಿಕೊಳ್ಳಬೇಕು, ಒಂದು ಒಳಗೆ ಹೋಗಿ ಇನ್ನೊಂದು ಹೊರಗೆ ಬರಲು ಎಷ್ಟು ಹೊತ್ತು ಬೇಕು. ಈಗ ಗುಂಯ್ ಎನ್ನುತ್ತಿದೆ, ಕರೆಂಟು ಏರುತ್ತಿದೆ, ಅಯ್ಯೋ, ತುಟಿ, ಕೆಳದುಟಿಯ ಎಡತುದಿಯನ್ನು ಯಾರೋ ದಾರ ಕಟ್ಟಿ ಎಳೆಯುತ್ತಿದ್ದಾರೆ, ಬಾಯಿ ಎಳೀತಿದೆಯಾ ಅಂಕಲ್, ಕೆಲವರಿಗೆ ಎಳೆಯುತ್ತೆ, ಕೆಲವರಿಗೆ ಇಲ್ಲ, ಹೆದರಬೇಡಿ. ಕೆಲವರಿಗೆ ಯಾಕೆ ಎಳೆಯುತ್ತೆ, ಕೆಲವರಿಗೆ ಯಾಕೆ ಇಲ್ಲ, ಅದನ್ನು ಮಾತ್ರ ಹೇಳುವುದಿಲ್ಲ.

ಹೇಳುವುದಿಲ್ಲ ಯಾಕೆಂದರೆ ಹೇಳಬಾರದಂತೆ, ಅದೇ ಇವರ ಕಟ್ಟುಪಾಡು, ಮೊದಲ ದಿನ ಆ ನಗುಮುಖದ ಡಾಕ್ಟರು ನನ್ನನ್ನೂ ಇವಳನ್ನೂ ಮಗಳನ್ನೂ ಎದುರು ಕೂರಿಸಿಕೊಂಡು ವಿವರಿಸಿದ್ದರು, ಮಿದುಳಿನಿಂದ ಹೊರಟು ಕತ್ತಿನಲ್ಲಿ ಇಳಿದು ಎದೆ ಹೊಟ್ಟೆಗಳವರೆಗೆ ಹೋಗುವ ಒಂದು ನರ, ವೇಗಸ್ ಅಂತ ಹೆಸರು, ಅದಕ್ಕೆ ಹೊರಗಿನಿಂದಲೇ ಸಣ್ಣ ಕರೆಂಟು, ಕೊಯ್ಯುವುದಿಲ್ಲ, ಹೊಲಿಗೆಯಿಲ್ಲ, ಪಾರ್ಕಿನ್ಸನ್ ಇರುವವರ ನಡಿಗೆ ಇದರಿಂದ ಸುಧಾರಿಸಬಹುದು, ಬಹುದು ಅಂದರು, ಸುಧಾರಿಸುತ್ತೆ ಅನ್ನಲಿಲ್ಲ, ಅದನ್ನು ಕಂಡುಹಿಡಿಯುವುದಕ್ಕೇ ಈ ಅಧ್ಯಯನ, ಅರ್ಧ ಜನಕ್ಕೆ ನಿಜವಾದ ಯಂತ್ರ, ಅರ್ಧ ಜನಕ್ಕೆ ಸುಮ್ಮನೆ ಗುಂಯ್ಗುಡುವ ಯಂತ್ರ, ನಿಮಗೆ ಯಾವುದು ಸಿಕ್ಕಿದೆ ಅಂತ ನಿಮಗೂ ಗೊತ್ತಿರಲ್ಲ, ನಮಗೂ ಗೊತ್ತಿರಲ್ಲ. ಯಾರಿಗೂ ಗೊತ್ತಿಲ್ಲ ಎಂದರೆ ಯಾರಿಗೋ ಗೊತ್ತಿದೆ ಎಂದೇ ಅರ್ಥ, ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿಕೊಂಡೇ ನಿವೃತ್ತನಾದವನ ಕಿವಿಯ ಮೇಲೆ ಹೂ ಇಡಲು ಬರುತ್ತಾರೆ, ಬಸ್ಸು ಹತ್ತಿದ ಕೂಡಲೇ ಕಿಟಕಿಯಾಚೆ ನೋಡಲು ಶುರು ಮಾಡುವವನು, ಇದ್ದಕ್ಕಿದ್ದಂತೆ ನಿದ್ದೆ ಹೋಗುವವಳು, ಮುಂದಿನ ಬಾಗಿಲಿನ ಕಡೆಗೆ ಕಾಲು ಸವರಿಕೊಂಡು ಸರಿಯುವವನು, ನಡಿಗೆಯಲ್ಲೇ ಸಿಕ್ಕಿಬೀಳುತ್ತಿದ್ದರು, ಟಿಕೆಟ್ ಇಲ್ಲದ ಕಾಲಿಗೆ ಅದರದೇ ಒಂದು ನಡಿಗೆ ಇದೆ, ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ — ಈಗ ನನ್ನ ಕಾಲೂ ಹಾಗೆಯೇ, ಹಿಮ್ಮಡಿ ತಾಗುವುದಿಲ್ಲ, ನೆಲ ಸವರಿಕೊಂಡು ಹೋಗಿ ಬಾಗಿಲ ಚೌಕಟ್ಟು ಕಂಡೊಡನೆ ಗಕ್ಕನೆ ಅಂಟಿಕೊಳ್ಳುತ್ತದೆ, ಮೇಲಿನ ಅರ್ಧ ಮುಂದಕ್ಕೆ ಹೋಗುತ್ತದೆ, ಕೆಳಗಿನ ಅರ್ಧ ಬರುವುದಿಲ್ಲ. ಅವತ್ತು ರಸ್ತೆಯ ನಡುವೆ ಹಾಗಾಯಿತು, ನಮ್ಮದೇ ರೂಟಿನ ಬಸ್ಸು, ನನ್ನ ಮೂಗಿನೆದುರು ಬಂದು ನಿಂತಿತು, ಡ್ರೈವರ್ ಹೊಸಬ, ನನ್ನ ಗುರುತಿಲ್ಲ, ಏನಯ್ಯಾ ಬೆಳಗ್ಗೇನೇ ಏರಿಸ್ಕೊಂಡು ಬಂದಿದೀಯಾ ಅಂದ, ಬಸ್ಸಿನ ತುಂಬ ಜನ ನಕ್ಕರು, ಅವಮಾನವಾಯಿತು, ಅಳು ಬಂತು, ಆಗಲೂ ಕಾಲು ಬರಲಿಲ್ಲ. ಮಾರನೆಯ ದಿನವೇ ಮಗಳು ಗಾಲಿಕುರ್ಚಿ ತಂದಳು, ಸದ್ಯಕ್ಕೆ ಇರಲಿ ಬಿಡಪ್ಪಾ, ಬೇಕಾದಾಗ ನೋಡೋಣ ಅಂದಳು, ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಬಾಗಿಲ ಹಿಂದೆ ಮಡಚಿ ನಿಲ್ಲಿಸಿದ್ದಾರೆ. ಇವತ್ತು ಹೆಜ್ಜೆ ಅಳೆಯುವ ಈ ಚಾಪೆಯ ಮೇಲೆ ನಡಿಗೆ ಸುಧಾರಿಸಿದೆ ಎಂದು ಬಂದರೆ ಯಂತ್ರ ನನ್ನ ಹತ್ತಿರವೇ ಉಳಿಯುತ್ತದೆ, ಇಲ್ಲವೆಂದರೆ ವಾಪಸು ಕೊಡಬೇಕು, ಆಮೇಲೆ ಆ ಪ್ಲಾಸ್ಟಿಕ್ ಬಿಚ್ಚುತ್ತಾರೆ.

ಆದರೆ ಸುಧಾರಿಸಿದೆ, ಅದೇ ನನ್ನ ತಲೆ ತಿನ್ನುತ್ತಿರುವುದು, ಯಂತ್ರ ಡಮ್ಮಿ ಎಂದು ನನಗೆ ಖಾತ್ರಿಯಿದೆ, ಆದರೂ ಕಾಲು ಸುಧಾರಿಸಿದೆ, ಬಚ್ಚಲ ಬಾಗಿಲನ್ನು ನಿಲ್ಲದೆ ದಾಟುತ್ತೇನೆ, ಮೊನ್ನೆ ಕ್ಷೌರದಂಗಡಿಗೆ ಒಬ್ಬನೇ ಹೋಗಿ ಬಂದೆ, ಕ್ಷೌರದವನು ಏನ್ ಸಾರ್ ಹುಡುಗನ ಹಾಗೆ ಬರ್ತಿದೀರಿ ಅಂದ, ಅವನಿಗೂ ಇವಳು ಹೇಳಿಕೊಟ್ಟಿರಬೇಕು. ಡಮ್ಮಿ ಎಂದು ಯಾಕೆ ಖಾತ್ರಿ ಎಂದರೆ ತುಟಿ, ಮೊದಲ ದಿನ ಇಲ್ಲಿ ಹುಡುಗಿ ಹಿಡಿದಾಗ ತುಟಿ ಎಳೆಯಿತು, ಆ ಸಂಜೆ ಮನೆಯಲ್ಲಿ ಇವಳು ಹಿಡಿದಾಗಲೂ ಎಳೆಯಿತು, ಇವಳು ಯಂತ್ರ ಕಿತ್ತುಕೊಂಡು ಬೆವೆತುಬಿಟ್ಟಳು, ರೀ, ಬಾಯಿ ವಾರೆ ಆಗ್ತಿದೆ, ಸಾಕು, ಇದೇನೂ ಬೇಡ ಅಂದಳು, ಇವಳ ಅಪ್ಪ ಲಕ್ವ ಹೊಡೆದು ಹಾಗೆಯೇ ಬಾಯಿ ವಾರೆಯಾಗಿ ಮಲಗಿದ್ದವರು ಮತ್ತೆ ಏಳಲಿಲ್ಲ, ಕತ್ತಿಗೆ ಕರೆಂಟು ಕೊಟ್ಟರೆ ಗುಂಡಿಗೆ ನಿಲ್ಲಲ್ವಾ ಅಂದಳು, ನಾನು ರೇಗಿದೆ, ಡಾಕ್ಟರಿಗಿಂತ ನಿನಗೆ ಹೆಚ್ಚು ಗೊತ್ತಾ, ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿ ತಳ್ಳಬೇಕು ಅಂತ ಆಸೆಯಾ ನಿನಗೆ, ಅಷ್ಟಕ್ಕೆ ಯಂತ್ರ ಒರೆಸಿ ಎತ್ತಿಟ್ಟಳು. ಮಾರನೆಯ ಸಂಜೆಯಿಂದ ತುಟಿ ಎಳೆಯಲಿಲ್ಲ, ಜುಮ್ಮೆನ್ನಲೂ ಇಲ್ಲ, ಗುಂಯ್ ಸದ್ದು ಮಾತ್ರ, ಬೆಚ್ಚಗೆ ಮೆತ್ತಗೆ ಏನೋ ಕತ್ತಿಗೆ ಒತ್ತುತ್ತದೆ ಅಷ್ಟೇ. ಆಗಲೇ ಅಂದುಕೊಂಡೆ, ನಿಜವಾದದ್ದನ್ನು ತೋರಿಸಿ ಸುಳ್ಳಿನದನ್ನು ಕೈಗಿಟ್ಟಿದ್ದಾರೆ, ದೂರದಿಂದಲೇ ಒಳಗಿನ ಕರೆಂಟು ಆರಿಸಿದ್ದಾರೆ, ಆಮೇಲೆ ಅಂದುಕೊಂಡೆ, ಇಲ್ಲ, ಇದು ಇವಳದೇ ಕೆಲಸ, ಕರೆಂಟು ಏರಿಸಿ ಇಳಿಸುವ ತಿರುಗುಣಿಯನ್ನು ಕೆಳಗಿಳಿಸಿ ಹಿಡಿಯುತ್ತಿದ್ದಾಳೆ, ಹಿಡಿದು ಮುಗಿಸುವ ಮೊದಲೇ ಸರಕ್ಕನೆ ಕೈಹಾಕಿ ಯಂತ್ರ ಕಿತ್ತುಕೊಂಡು ನೋಡಿದೆ, ತಿರುಗುಣಿ ಇರಬೇಕಾದ ಕಡೆಯೇ ಇತ್ತು, ಇವಳು ಮುಖ ತಿರುಗಿಸಿದಳು. ಹಾಗಾದರೆ ಏರಿಸು ಅಂದೆ, ಏರಿಸಿದಳು, ಏನೂ ಆಗಲಿಲ್ಲ, ಇನ್ನೊಂದು ಚೂರು ಏರಿಸು, ಮತ್ತೆ ಏರಿಸಿದಳು, ಪ್ರತಿ ಸಂಜೆ ಇದೇ ಮಾತು, ಇನ್ನೊಂದು ಚೂರು ಏರಿಸು, ಏನ್ ಹೋಗುತ್ತೆ ನಿಂದು, ಏರಿಸು. ಹಲ್ಲು ಕಚ್ಚಿಕೊಂಡು ಏರಿಸುತ್ತಿದ್ದಳು, ಸಿಟ್ಟು ಎಂದುಕೊಂಡಿದ್ದೆ.

ಮುಗೀತು ಅಂಕಲ್, ತಣ್ಣನೆಯದು ಕತ್ತು ಬಿಟ್ಟಿತು, ಎರಡನೇ ಸಲದ್ದು ಆಂಟಿ ಹಿಡೀಲಿ, ಮನೇಲಿ ಹೆಂಗೆ ಹಿಡೀತೀರೋ ಹಂಗೇ ತೋರಿಸಿ ಆಂಟಿ, ನಾನು ಅಷ್ಟರಲ್ಲಿ ಚಾಪೆ ಆನ್ ಮಾಡ್ತೀನಿ. ಇವಳು ಏಳುವುದಿಲ್ಲ, ನೀವೇ ಹಿಡೀರಿ ಅಮ್ಮಾ, ನಿಮ್ಮಷ್ಟು ಚೆನ್ನಾಗಿ ನಂಗೆ ಬರಲ್ಲ ಅನ್ನುತ್ತಾಳೆ, ಬರದೇ ಏನು, ಇಷ್ಟು ವಾರ ಹಿಡಿದವಳಿಗೆ ಬರದೇ ಏನು, ನೋಡಿದೆಯಾ, ಕಿಟಕಿಯಾಚೆ ನೋಡುತ್ತಿದ್ದಾಳೆ, ಸಂಸಾರ ಹೂಡಿದಾಗಿನಿಂದ ಇವಳು ಕಿಟಕಿಯಾಚೆ ನೋಡಿದವಳಲ್ಲ, ಈಗ ನೋಡುತ್ತಿದ್ದಾಳೆ, ಸಿಕ್ಕಿಬಿದ್ದಳು. ಹುಡುಗಿ ಬಿಡುವುದಿಲ್ಲ, ಕೈಹಿಡಿದು ಎಬ್ಬಿಸಿ ತಂದು ಯಂತ್ರ ಕೊಟ್ಟು ಕಂಪ್ಯೂಟರಿನ ಕಡೆ ತಿರುಗಿದಳು, ಬೆನ್ನು ನಮ್ಮ ಕಡೆಗೆ. ಇವಳು ನನ್ನ ಹಿಂದೆ ಬಂದು ನಿಂತಿದ್ದಾಳೆ, ಮನೆಯಲ್ಲಿ ನಿಲ್ಲುವಂತೆಯೇ, ಜೆಲ್ ಹಚ್ಚುತ್ತಿದ್ದಾಳೆ, ಎಡಗೈ ಕತ್ತಿಗೆ ಆನಿಸಿದ್ದಾಳೆ, ಕತ್ತು ಅದುರದಿರಲಿ ಎಂದು ಆನಿಸುತ್ತಾಳೆ ಎಂದುಕೊಂಡಿದ್ದೆ, ಈಗ ಯಂತ್ರ ಕೂತಿತು, ಬೆಚ್ಚಗೆ, ಮೆತ್ತಗೆ, ಮನೆಯ ಹಾಗೆಯೇ — ಅಂದರೆ ಯಂತ್ರ ಬದಲಾಗಿಲ್ಲ, ಹುಡುಗಿ ಬದಲಿಸಿಲ್ಲ, ಹಾಗಾದರೆ ಬೆಚ್ಚಗೆ ಯಾಕೆ — ಎದುರುಗೋಡೆಗೆ ಆಳೆತ್ತರದ ಕನ್ನಡಿ, ನಡೆಯುವವರು ತಮ್ಮ ನಡಿಗೆ ತಾವು ನೋಡಿಕೊಳ್ಳಲೆಂದು ಇಟ್ಟದ್ದು, ಮನೆಯಲ್ಲಿ ನಾನು ಕೂರುವ ಕಡೆ ಕನ್ನಡಿಯಿಲ್ಲ, ಇಲ್ಲಿ ಇದೆ, ಅದರಲ್ಲಿ ನಾನಿದ್ದೇನೆ, ನನ್ನ ಹಿಂದೆ ಇವಳು, ಇವಳ ಬಲಗೈಯಲ್ಲಿ ಯಂತ್ರ, ಮತ್ತು ಯಂತ್ರಕ್ಕೂ ನನ್ನ ಕತ್ತಿಗೂ ನಡುವೆ, ಎರಡು ಗುಂಡಿಗಳ ಅಡಿಯಲ್ಲಿ, ಉದ್ದಕ್ಕೆ ಮಲಗಿದೆ, ಹೆಬ್ಬೆರಳು. ಇವಳ ಎಡಗೈ ಹೆಬ್ಬೆರಳು. ನಾನು ಏನೂ ಹೇಳಿಲ್ಲ, ಆದರೂ ಇವಳ ಬಲಗೈ ತಿರುಗುಣಿಯನ್ನು ತಾನಾಗಿಯೇ ಏರಿಸುತ್ತಿದೆ, ಇನ್ನೊಂದು ಚೂರು, ಇನ್ನೊಂದು ಚೂರು, ಮನೆಯಲ್ಲಿ ನಾನು ಏರಿಸಲು ಹೇಳುತ್ತಿದ್ದ ಕೊನೆಯವರೆಗೂ, ಹೆಬ್ಬೆರಳು ಕಟಕಟ ಸೆಟೆಯುತ್ತಿದೆ, ಇವಳು ಕಣ್ಣು ಮುಚ್ಚಿದ್ದಾಳೆ, ಹಲ್ಲು ಕಚ್ಚಿದ್ದಾಳೆ.

ಮೋಸ, ನನಗೆ ಮೋಸ ಮಾಡಿದಳು, ಹೊರಗಿನವರ ಮೇಲೆಲ್ಲ ಹದ್ದಿನ ಕಣ್ಣಿಟ್ಟವನಿಗೆ ಬೆನ್ನ ಹಿಂದೆಯೇ — ಪಾಸಿನ ತಾರೀಖಿನ ಮೇಲೆ ಹೆಬ್ಬೆರಳು ಇಟ್ಟು ತೋರಿಸುವವರಿದ್ದರು, ಬಣ್ಣ ಸರಿ, ಫೋಟೋ ಸರಿ, ಸೀಲು ಸರಿ, ತಾರೀಖಿನ ಮೇಲೆ ಬೆರಳು, ಬೆರಳು ತೆಗೀರಿ ಸ್ವಾಮಿ ಎಂದರೆ ಸಾಕು, ಮುಖ ಸಪ್ಪಗಾಗುತ್ತಿತ್ತು, ಸರ್ವೀಸ್ ಪೂರ್ತಿ ಅದೇ ಮಾತು, ಈಗಲೂ ನಾಲಿಗೆಯ ತುದಿಯಲ್ಲಿದೆ, ಬೆರಳು ತೆಗಿ, ಅಷ್ಟು ಹೇಳಿದರೆ ಹುಡುಗಿ ತಿರುಗುತ್ತಾಳೆ, ನೋಡುತ್ತಾಳೆ, ಡಾಕ್ಟರನ್ನು ಕರೆಯುತ್ತಾಳೆ, ಇಷ್ಟು ವಾರದ ಅಳತೆಯೆಲ್ಲ ನೀರಿನಲ್ಲಿ ಹೋಮ ಅನ್ನುತ್ತಾರೆ, ಇವಳು ಎಲ್ಲರೆದುರು ತಲೆ ತಗ್ಗಿಸುತ್ತಾಳೆ — ನನ್ನ ಬಾಯಿ ವಾರೆಯಾಗಬಾರದು, ನನ್ನ ಗುಂಡಿಗೆ ನಿಲ್ಲಬಾರದು, ನನಗೆ ಕುರ್ಚಿಯೂ ಬರಬಾರದು, ನಾನು ರೇಗಲೂ ಬಾರದು, ಎಲ್ಲಕ್ಕೂ ಸೇರಿ ಒಂದು ಬೆರಳು ಅಡ್ಡ ಹಿಡಿದಿದ್ದಾಳೆ, ಮೊನ್ನೆ ಇವಳ ಕೈಯಿಂದ ಗಾಜಿನ ಲೋಟ ಜಾರಿ ಒಡೆಯಿತು, ರವಿಕೆಯ ಹುಕ್ಕು ಹಾಕಿಕೊಳ್ಳಲಾಗದೆ ಮಗಳನ್ನು ಕರೆದಳು, ನನ್ನ ಅಂಗಿಯ ಗುಂಡಿ ಹೊಲಿಯಲು ಕೂತು ಸೂಜಿ ಹಿಡಿಯಲಾಗದೆ ಎದ್ದಳು, ನಾಟಕ ಎಂದೆ, ನನ್ನ ಕಾಯಿಲೆ ನೋಡಿ ನೋಡಿ ನಿನಗೂ ಬಂತಾ ಎಂದೆ, ಛೇ, ನಾನೇ ಏರಿಸು ಎಂದದ್ದು, ನಾನೇ. ಹಾಗಾದರೆ ಬಚ್ಚಲ ಬಾಗಿಲು ದಾಟಿದ್ದು ಯಾವುದರಿಂದ, ಕ್ಷೌರದಂಗಡಿಯವರೆಗೆ ಕಾಲು ಹೋದದ್ದು ಯಾವುದರಿಂದ, ಕರೆಂಟು ನನ್ನ ನರಕ್ಕೆ ಬಂದೇ ಇಲ್ಲ, ಇವಳ ಬೆರಳಿಗೆ ಹೋಯಿತು, ನಡೆದವನು ನಾನು. ಯಾರನ್ನು ಕೇಳಲಿ, ಡಾಕ್ಟರಿಗೂ ಗೊತ್ತಿರುವುದಿಲ್ಲ, ಈ ಸಲ ನಿಜವಾಗಿಯೂ ಗೊತ್ತಿರುವುದಿಲ್ಲ.

ಆಯ್ತಾ ಆಂಟಿ, ಹುಡುಗಿ ತಿರುಗುವಷ್ಟರಲ್ಲಿ ಬೆರಳು ಸೆರಗಿನೊಳಗೆ ಹೋಯಿತು, ಕನ್ನಡಿಯಲ್ಲಿ ಇವಳ ಕಣ್ಣಿಗೆ ನನ್ನ ಕಣ್ಣು ಸಿಕ್ಕಿತು, ಸಿಕ್ಕಿತೋ ಇಲ್ಲವೋ, ನಾನೇ ತಪ್ಪಿಸಿದೆ, ಈಗ ಕಿಟಕಿಯಾಚೆ ನೋಡುವ ಸರದಿ ನನ್ನದು. ಏಳಿ ಅಂಕಲ್, ಈ ಗೆರೆ ಹತ್ರ ನಿಂತ್ಕೊಳಿ, ಹೋದ್ಸಲ ತುಂಬ ಚೆನ್ನಾಗಿ ನಡೆದ್ರಿ, ಇವತ್ತೂ ಹಂಗೇ, ಆಂಟಿ ನೀವು ಆ ತುದೀಲಿ ಕೂತ್ಕೊಳಿ, ಅಂಕಲ್ ನಿಮ್ಮ ಕಡೇನೇ ಬರ್ತಾರೆ. ಗೆರೆಯ ಮುಂದೆ ನಿಂತಿದ್ದೇನೆ, ಬೂದು ಬಣ್ಣದ ಚಾಪೆ, ಒಳಗೆಲ್ಲ ತಂತಿಯಂತೆ, ಹೆಜ್ಜೆಯ ಉದ್ದ, ಭಾರ, ತಡ ಎಲ್ಲವೂ ಅದಕ್ಕೆ ಗೊತ್ತಾಗುತ್ತದಂತೆ, ಈ ಕಾಲು ಯಾರ ಕಾಲು ಎಂದು ಮಾತ್ರ ಗೊತ್ತಾಗುವುದಿಲ್ಲ, ಚೆನ್ನಾಗಿ ನಡೆದರೆ ಯಂತ್ರ ಉಳಿಯುತ್ತದೆ, ಯಂತ್ರ ಉಳಿದರೆ ನಾಳೆ ಸಂಜೆ ಮತ್ತೆ ಆ ಬೆರಳು, ಬೇಡ ಎಂದರೂ ಕೇಳುವವಳಲ್ಲ, ನಡೆಯದಿದ್ದರೆ ಕುರ್ಚಿ, ಮತ್ತು ಇವಳು, ತನ್ನಿಂದಲೇ ಹೀಗಾಯಿತು ಎಂದು ಸಾಯುವವರೆಗೂ ಒಳಗೊಳಗೇ — ಹೊರಡಿ ಅಂಕಲ್ — ಹೊರಡುತ್ತೇನೆ, ಎಡಗಾಲು ಮೊದಲು, ಎಡಗಾಲು, ಏಳು, ಅಂಟಿಕೊಂಡಿದೆ, ಬಲಗಾಲಾದರೂ — ಆ ತುದಿಯಲ್ಲಿ ಇವಳು ಕೈ ಎತ್ತುತ್ತಿದ್ದಾಳೆ, ಎಡಗೈ, ಬೆರಳುಗಳನ್ನೆಲ್ಲ ಮಡಚಿ ಅದೊಂದನ್ನು ಮಾತ್ರ ಮೇಲಕ್ಕೆ, ಗೆದ್ದು ಬನ್ನಿ ಎನ್ನಲು ಮೊಮ್ಮಗಳು ಹೇಳಿಕೊಟ್ಟದ್ದು, ನಗುತ್ತಿದ್ದಾಳೆ, ನೆಟ್ಟಗೆ ನಿಲ್ಲಿಸಲು ನೋಡುತ್ತಿದ್ದಾಳೆ, ನಿಲ್ಲುತ್ತಿಲ್ಲ, ಅದುರುತ್ತಿದೆ, ಹೆಬ್ಬೆರಳು, ಅದರ ಮೇಲೆ ಗುಂಡಿಗಳ ಎರಡು ಕೆಂಪು ಗುರುತು, ಇಷ್ಟು ದೂರಕ್ಕೆ ಕಾಣುವುದಿಲ್ಲ, ಕಾಣುತ್ತಿದೆ — ಅಂಕಲ್, ಹೊರಡಿ — ಕಾಣುತ್ತಿದೆ, ಎರಡು ಕೆಂಪು ಗುರುತು, ಅದುರುತ್ತಿದೆ — ಅಂಕಲ್ — ಹೆಬ್ಬೆರಳು, ಎರಡು ಕೆಂಪು ಗುರುತು, ಹೆಬ್ಬೆರಳು