ಇನ್ನಾಸಮ್ಮನಿಗೆ ಬಾರದ ಪದಕ

ಸೊಸೆಗೆ ಪದಕ ಬಂತೆಂದು ಬಿಂದುಮಾಧವರಾಯರ ತಾಯಿ ಅಗ್ರಹಾರದ ಮನೆಮನೆಗೂ ಸಕ್ಕರೆ ಹಂಚಿಸಿದರು. ಸೊಸೆ ಪಂಕಜಮ್ಮ ಮಾತ್ರ ಬಂದವರಿಗೆಲ್ಲ ಕಾಫಿ ಕೊಡುವ ನೆಪದಲ್ಲಿ ಅಡಿಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಹೊಗಳಿಕೆ ಕೇಳಿ ನಾಚಿಕೊಂಡರೆಂದು ಎಲ್ಲರೂ ತಿಳಿದರು.

ಪದಕ ಬಂದದ್ದು ಇನ್‌ಫ್ಲುಯೆಂಜಾ ಜ್ವರದ ಕಾಲದ ಸೇವೆಗಾಗಿ. ಆ ಜ್ವರ ಮೈಸೂರಿಗೆ ಬಂದಾಗ ಬೀದಿಯಲ್ಲಿ ಹೆಣ ಹೊರುವುದಕ್ಕೆ ಜನ ಸಿಗುತ್ತಿರಲಿಲ್ಲ. ಕಾಲೇಜು ಓದಿದ್ದ ಪಂಕಜಮ್ಮ ಮಹಿಳಾ ಸಮಾಜದವರನ್ನು ಕಟ್ಟಿಕೊಂಡು ತಮ್ಮ ಮನೆಯ ಹಿತ್ತಿಲಿನಲ್ಲೇ ಗಂಜಿಯ ಒಲೆ ಹೂಡಿದರು. ಆ ಗಂಜಿಯನ್ನು ಜ್ವರದ ಮನೆಗಳ ಒಳಗೆ ತೆಗೆದುಕೊಂಡು ಹೋದವರು, ವರ್ಷಗಳಿಂದ ಆ ಮನೆಗೆ ಬಂದುಹೋಗುತ್ತಿದ್ದ ಲಷ್ಕರ್ ಮೊಹಲ್ಲದ ಸೂಲಗಿತ್ತಿ ಇನ್ನಾಸಮ್ಮ. ಗಂಜಿ ಕುಡಿಸುತ್ತಿದ್ದರು, ಮೈ ಒರೆಸುತ್ತಿದ್ದರು, ಉಸಿರು ಹೋದವರ ಕಣ್ಣು ಮುಚ್ಚುತ್ತಿದ್ದರು. ಜ್ವರದಲ್ಲೇ ಹೆರಿಗೆಯಾದ ಹೆಂಗಸರ ಹಸುಗೂಸುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, "ಇದಕ್ಕೊಂದು ಬೆಚ್ಚನೆ ಮನೆ ನೋಡಿ, ಪಂಕಜಮ್ಮೋರೆ" ಎಂದು ಹಿತ್ತಿಲ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಸಂಸ್ಥಾನದವರು ಹೆಂಗಸೊಬ್ಬರಿಗೆ ಸೇವೆಯ ಪದಕ ಕೊಡಬೇಕೆಂದು ನಿರ್ಧರಿಸಿದ್ದು ಅದೇ ಮೊದಲು. ಮಹಾರಾಜರ ವರ್ಧಂತಿಯ ವಾರದಲ್ಲಿ, ಅಂತಃಪುರದಲ್ಲಿ, ಅರಮನೆಯ ಹೆಂಗಸರ ಕೈಯಿಂದ. ಮೊದಲು ಅರಿಸಿನ ಕುಂಕುಮ, ಆಮೇಲೆ ಪದಕ. ದರ್ಬಾರು ಕಚೇರಿಯಲ್ಲಿ ಇದರ ಏರ್ಪಾಡು ನೋಡುತ್ತಿದ್ದವರು ಬಿಂದುಮಾಧವರಾಯರೇ. ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಹೆಂಡತಿಯನ್ನು ಕೇಳಿದರು:

"ನಿಮ್ಮ ಇನ್ನಾಸಮ್ಮನ ಹೆಸರು ಮೊದಲು ಬಂದಿದೆ. ಆಕೆ ಮುತ್ತೈದೆ ತಾನೇ?"

ಪಂಕಜಮ್ಮ ಹುಳಿ ಬಡಿಸುತ್ತಿದ್ದರು. ಕಣ್ಣಮುಂದೆ ಬಂದದ್ದು ಬೋಳು ಹಣೆ, ಬಿಳಿ ಸೀರೆ, ಬರಿದಾದ ಕೊರಳು.

"ಇಲ್ಲ ಅಂತ ಕಾಣುತ್ತೆ, ಪಾಪ."

"ಹಾಗಾದರೆ ಕಷ್ಟ" ಎಂದು ರಾಯರು ಮಜ್ಜಿಗೆ ಕೇಳಿದರು. ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಅಚ್ಚಾಗಿ ಬಂದದ್ದು ಪಟ್ಟಿಯಲ್ಲಿ ಎರಡನೆಯದಾಗಿದ್ದ ಪಂಕಜಮ್ಮನ ಹೆಸರು.

ಊರು ಸುಮ್ಮನಿರಲಿಲ್ಲ. 'ಗಂಜಿ ಕಾಯಿಸಿದವರಿಗೆ ಪದಕ, ಹೆಣ ತೊಳೆದವರಿಗೆ ನಮಸ್ಕಾರ' ಎಂದು ಪತ್ರಿಕೆಯೊಂದು ಬರೆಯಿತು. ಕೊಳಾಯಿಯ ಹತ್ತಿರ, ಪಂಕಜಮ್ಮನಿಗೆ ಕೇಳಿಸಲೆಂದೇ, ಎದುರುಮನೆಯ ಅಲಮೇಲು ಯಾರಿಗೋ ಹೇಳಿದರು: "ಗಂಡ ದರ್ಬಾರು ಕಚೇರೀಲಿದ್ದರೆ ಪದಕಕ್ಕೆ ದಾರಿ ಕೇಳಬೇಕಾಗಿಲ್ಲ ಕಣೆ. ಅದೇ ಮನೆ ಹುಡುಕ್ಕೊಂಡು ಬರುತ್ತೆ."

ಅದು ಪಂಕಜಮ್ಮನನ್ನು ಅಷ್ಟು ನೋಯಿಸಲಿಲ್ಲ. ಇನ್ನಾಸಮ್ಮ ಏನೆಂದುಕೊಂಡರೋ ಎಂಬುದು ಮಾತ್ರ ತಿಂಡಿ ತೀರ್ಥ ಸೇರದಂತೆ ಮಾಡಿತು. ಕೊನೆಗೆ ಒಂದು ಬೆಳಿಗ್ಗೆ ಬಾಳೆಹಣ್ಣು ಕಟ್ಟಿಕೊಂಡು, ಜಟಕಾ ಹತ್ತಿ ಲಷ್ಕರ್ ಮೊಹಲ್ಲಕ್ಕೆ ಹೋದರು. ಇಷ್ಟು ವರ್ಷದಲ್ಲಿ ಆ ಮನೆಗೆ ಹೋದದ್ದು ಅದೇ ಮೊದಲು.

ಅಂಗಳದ ಬಿಸಿಲಿನಲ್ಲಿ ಹಗ್ಗದ ಮಂಚ. ಮಂಚದ ಮೇಲೆ ದಿಂಬಿಗೊರಗಿದ್ದ ಒಬ್ಬ ಗಂಡಸು. ಇನ್ನಾಸಮ್ಮ ಅವರ ಗಲ್ಲ ಹಿಡಿದು, ನೊರೆ ಹಚ್ಚಿ, ಗಡ್ಡ ಹೆರೆಯುತ್ತಿದ್ದರು.

"ಬನ್ನಿ, ಬನ್ನಿ. ನಮ್ಮೆಜಮಾನ್ರು ಕಣಮ್ಮ, ಸವರಿಮುತ್ತು ಅಂತ. ಅರಮನೆ ಬ್ಯಾಂಡ್‌ನಲ್ಲಿ ದೊಡ್ಡ ಕೊಂಬು ಊದ್ತಿದ್ರು. ಲಕ್ವ ಹೊಡೆದು ಮಲಗ್ಬುಟ್ರು."

ಸವರಿಮುತ್ತು ಒಂದು ಕಡೆಯ ತುಟಿಯಿಂದ ನಕ್ಕರು. ಆಡುವ ಕೈಯಿಂದ ತಮ್ಮ ಹೊದಿಕೆಯನ್ನು ಮೆಲ್ಲಗೆ ಎಳೆದುಕೊಂಡು, ಮಂಚದ ತುದಿಯಲ್ಲಿ ಬಂದವರಿಗೆ ಜಾಗ ಮಾಡಿಕೊಟ್ಟರು. ಪಂಕಜಮ್ಮ ಅಲ್ಲಿ ಕೂತರು.

ಬೋಳು ಹಣೆ ಅವರ ಚರ್ಚಿನ ಸನ್ಯಾಸಿನಿ ಅಮ್ಮಂದಿರು ಕಲಿಸಿದ ರೂಢಿ. ಬಿಳಿ ಸೀರೆ ಸೂಲಗಿತ್ತಿಯ ಉಡುಪು. ತಾಳಿ ಇತ್ತು, ಹೆರಿಗೆಯ ಹೊತ್ತಿನಲ್ಲಿ ಬಗ್ಗಿದಾಗ ಅಡ್ಡ ಬರುತ್ತದೆಂದು ಕುಪ್ಪಸದೊಳಗೆ ಸಿಕ್ಕಿಸಿಕೊಂಡಿದ್ದರು. ಗಡ್ಡ ಹೆರೆಯಲು ಬಗ್ಗಿದಾಗ ಅದರ ದಾರ ಕಾಣುತ್ತಿತ್ತು. ವಿಧವೆಯ ಮನಸ್ಸು ನೋಯಬಾರದೆಂದು ಪಂಕಜಮ್ಮ ಎಂದೂ ಗಂಡನ ಮಾತೆತ್ತಿರಲಿಲ್ಲ. ಹಬ್ಬದ ದಿನ ಬೇರೆಯವರಿಗೆ ಕುಂಕುಮ ಕೊಡುವಾಗ ಇವರನ್ನು ಹಿತ್ತಿಲಿಗೆ ಕರೆದು, ಯಾರಿಗೂ ಕಾಣದಂತೆ ಹಣ್ಣು ಕೊಟ್ಟು ಕಳಿಸುತ್ತಿದ್ದರು. ಅದನ್ನು ದೊಡ್ಡ ನಯ ಎಂದುಕೊಂಡಿದ್ದರು.

"ಪೇಪರ್ನೋರ ಮಾತು ತಲೆಗೆ ಹಾಕ್ಕೋಬೇಡಿ" ಎಂದರು ಇನ್ನಾಸಮ್ಮ, ಕತ್ತಿ ಒರೆಸುತ್ತಾ. "ನಮ್ಮ ಚರ್ಚಿನೋರೂ ಬಂದಿದ್ರು, ಅರ್ಜಿ ಹಾಕ್ತೀವಿ ಅಂತ. ನಾವು ಕಿರಸ್ತಾನ್ರು ಅಂತ ಬಿಟ್ಟವ್ರೆ ಅಂತ ಅವರಿಗೆ ಸಿಟ್ಟು. ನಾನೇ ಬ್ಯಾಡ ಅಂದೆ. ಪಂಕಜಮ್ಮೋರು ಇನ್ನೊಬ್ರ ಕೈದು ಕಿತ್ಕೊಳ್ಳೋ ಪೈಕಿ ಅಲ್ಲ, ಸುಮ್ಕಿರಿ ಅಂದೆ."

ಹೇಳಬೇಕಾದ ಮಾತಿಗೆ ಅದೇ ಸಮಯ. ಪಂಕಜಮ್ಮ ಬಾಯಿ ತೆರೆದರು. ಅಷ್ಟರಲ್ಲಿ ಇನ್ನಾಸಮ್ಮ ಕಾಫಿ ಲೋಟ ತಂದು, ಬಿಸಿ ತಾಗಬಾರದೆಂದು ತಮ್ಮ ಸೆರಗಿನ ಚುಂಗನ್ನೇ ಸುತ್ತಿ ಕೈಗೆ ಕೊಟ್ಟರು. ಕಾಫಿಯ ಜೊತೆ ಮಾತೂ ಗಂಟಲಲ್ಲಿ ಇಳಿದುಹೋಯಿತು.

ಮನೆಗೆ ಬಂದು ಗಂಡನಿಗೆ ಹೇಳಿದರು. ರಾಯರು ಬಹಳ ಹೊತ್ತು ರುಮಾಲು ಬಿಚ್ಚಲೇ ಇಲ್ಲ.

"ಈಗ ಹೋಗಿ ತಪ್ಪಾಯ್ತು ಅಂದರೆ, ಯಾರದು ತಪ್ಪು ಅಂತಾರೆ. ಕೇಳಿದವನು ನಾನು, ಹೇಳಿದವಳು ನೀನು. ಹೆಂಡತಿಗೆ ಕೊಡಿಸೋಕೇ ಹೀಗೆ ಮಾಡಿದ ಅಂತಾರೆ. ನಂಬದೇ ಇರೋದಕ್ಕೆ ಅವರಿಗೇನು ಕಾರಣ ಇದೆ, ಹೇಳು?"

ರಾಯರು ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. ತಾನೂ ಹೆದರಿದ್ದೇನೆ ಎಂದು ಪಂಕಜಮ್ಮನಿಗೆ ಗೊತ್ತಿತ್ತು.

ಪದಕ ತೆಗೆದುಕೊಳ್ಳುವ ದಿನ ಬೆಳಿಗ್ಗೆ, ಜರಿ ಸೀರೆ ಹೊರತೆಗೆದ ಅತ್ತೆಗೆ ಪಂಕಜಮ್ಮ ದೂರದಿಂದಲೇ ಹೇಳಿದರು: "ನನ್ನನ್ನು ಮುಟ್ಟಬೇಡಿ. ಹೊರಗಾಗಿದ್ದೇನೆ."

ಆ ಮಾತಿಗೆ ಎದುರು ಮಾತಿಲ್ಲ. ಹೊರಗಾದ ಹೆಂಗಸು ಅಂತಃಪುರದ ಹೊಸಿಲು ಮೆಟ್ಟುವಂತಿಲ್ಲ, ಏಕೆಂದು ಯಾರೂ ಕೇಳುವಂತಿಲ್ಲ. ಸುಳ್ಳು ಹೇಳುವವರಿಗೆ ಇದಕ್ಕಿಂತ ಭದ್ರವಾದ ಮರೆ ಇಲ್ಲ. ಹಿತ್ತಿಲ ಜಗಲಿಯ ಮೇಲೆ ಚಾಪೆ, ಪಕ್ಕದಲ್ಲಿ ಒಂದು ಚೊಂಬು. ಒಂದೇ ಮನೆಯಲ್ಲಿ ಬಾಳಿದ ಅತ್ತೆಗೆ ಸೊಸೆಯ ದಿನಗಳು ತಿಳಿಯದೆ ಇರಲಿಲ್ಲ. ಆದರೂ ಆಕೆ ಮಡಿಸಿದ ಕಂಬಳಿಯೊಂದನ್ನು ಕೈಗೆಟಕುವಷ್ಟು ದೂರದಲ್ಲಿ ಇಟ್ಟು ಹೋದರು.

ತಾನು ಹೋಗದಿದ್ದರೆ ಪದಕ ಉಳಿದುಹೋಗುತ್ತದೆ, ಮುಂದೆ ಹೇಗೋ ಸರಿಹೋದೀತು ಎಂದುಕೊಂಡಿದ್ದರು ಪಂಕಜಮ್ಮ. ಸಂಜೆ ಅರಮನೆಯ ಊಳಿಗದವರು ಬೆಳ್ಳಿ ತಟ್ಟೆಯಲ್ಲಿ ಪದಕವನ್ನು ಮನೆಗೇ ತಂದು ಕೊಟ್ಟು ಹೋದರು. ಅತ್ತೆ ಅದನ್ನು ದೇವರ ಮುಂದಿಟ್ಟರು. ಜಗಲಿಯಿಂದ ಪಂಕಜಮ್ಮನಿಗೆ ತಟ್ಟೆ ಕಾಣುತ್ತಿರಲಿಲ್ಲ, ಅದಕ್ಕೆ ಹಚ್ಚಿಟ್ಟ ದೀಪದ ಬೆಳಕು ಕಾಣುತ್ತಿತ್ತು.

ಮರುದಿನ ಹಿತ್ತಿಲ ಬಾಗಿಲು ತಳ್ಳಿಕೊಂಡು ಇನ್ನಾಸಮ್ಮ ಬಂದರು.

"ಪದಕ ಈಸ್ಕೊಳ್ಳಾಕೆ ಹೋಗಕ್ಕೂ ಆಗ್ನಿಲ್ವಂತೆ, ಮಹದೇವಮ್ಮ ಹಾಲು ಹಾಕಕ್ಕೆ ಬಂದಾಗ ಅಂದ್ಳು. ಅಂಗಾರೆ ಜೋರು ನೋವೇ ಇರ್ಬೇಕು ಅಂತ ಕಷಾಯ ಮಾಡ್ಕೊಂಡು ಬಂದೆ."

ಮನೆಯವರು ಯಾರೂ ಹತ್ತಿರ ಸುಳಿಯದಿದ್ದಾಗ, ಇನ್ನಾಸಮ್ಮ ಚಾಪೆಯ ಮೇಲೇ ಕೂತು, ಪಂಕಜಮ್ಮನ ಪಾದಗಳನ್ನು ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದರು. ಒರಟು ಕೈ. ಆ ಕೈಯನ್ನು ತಡೆದುಕೊಳ್ಳುವುದು ಪಂಕಜಮ್ಮನಿಂದ ಆಗಲಿಲ್ಲ. ಕಾಲನ್ನು ಹಿಂದಕ್ಕೆಳೆದುಕೊಂಡು ಎದ್ದು ಕೂತರು.

"ನಾನು ಹೊರಗಾಗಿಲ್ಲ, ಇನ್ನಾಸಮ್ಮ. ಆ ಪದಕ ನಿಮ್ಮದು. ನೀವು ಮುತ್ತೈದೆಯಾ ಅಂತ ಇವರು ಕೇಳಿದರು. ಅಲ್ಲ ಅಂದೆ. ನಿಮ್ಮ ಹಣೆ ನೋಡಿ ಹಾಗೆ ಅಂದುಕೊಂಡಿದ್ದೆ. ಒಂದು ದಿನ, ಒಂದೇ ಒಂದು ದಿನವೂ ನಾನು ನಿಮ್ಮನ್ನ ಕೇಳಲಿಲ್ಲ."

ಇನ್ನಾಸಮ್ಮ ಕಷಾಯದ ಪಾತ್ರೆಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದರು.

"ಅದಕ್ಕೇಯಾ, ಹಬ್ಬದ ದಿವ್ಸ ಹಿತ್ತಿಲಿಗೆ ಕರೀತಿದ್ದದ್ದು" ಎಂದರು ನಿಧಾನವಾಗಿ. "ನಮ್ಮ ಜಾತಿಗೆ ಅಂತ ತಿಳ್ಕೊಂಡಿದ್ದೆ. ಆದ್ರೂ ಕೊಡ್ತಾರಲ್ಲ, ಒಳ್ಳೇರು ಅಂತಿದ್ದೆ."

"ನಾಳೆಯೇ ಅರಮನೆಗೆ ಹೋಗ್ತೀನಿ. ನಿಮ್ಮ ಯಜಮಾನರು ಇದ್ದಾರೆ ಅಂತ ಹೇಳಿ ನಿಮಗೇ..."

"ಅಂಗೆ ಹೇಳಿ ಈಸ್ಕೊಡಬೇಡಿ." ಇನ್ನಾಸಮ್ಮನ ದನಿ ಏರಲಿಲ್ಲ. "ಅವರ ಉಸಿರು ಇವತ್ತೋ ನಾಳೆಯೋ ಅಂತ ನಾನು ದಿನಾ ಕಿವಿಕೊಟ್ಟು ಮಲಗ್ತೀನಿ. ನಾಳೆ ಹೋಗ್ಬುಟ್ರೆ, ಪದಕ ವಾಪಸ್ ಕೊಟ್ಬುಡ್ಬೇಕಾ? ಜ್ವರದ ಮನೆಗೆ ಹೋದಾಗ ಯಾರೂ ನನ್ನ ತಾಳಿ ಕೇಳ್ನಿಲ್ಲ. ಈ ಸೀಮೇನ ಆಳಿದ್ದ ದೊಡ್ಡ ತಾಯೋರು ಮುತ್ತೈದೆಯಾಗಿದ್ರಾ, ಪಂಕಜಮ್ಮೋರೆ?"

ಗಂಡ ತೀರಿಹೋದ ಮೇಲೆ ಮಹಾರಾಣಿಯವರು ಎಳೆಯ ಮಗನ ಪರವಾಗಿ ರಾಜ್ಯ ಆಳಿದ್ದು ಮೈಸೂರಿನ ಮಗುವಿಗೂ ಗೊತ್ತಿದ್ದ ಸಂಗತಿ. ಪಂಕಜಮ್ಮನಿಗೆ, ರಾಯರಿಗೆ, ಕಚೇರಿಯ ಎಲ್ಲರಿಗೂ ಗೊತ್ತಿತ್ತು. ಆದರೂ ಹುಳಿ ಬಡಿಸುವ ಕೈ ಆ ದಿನ ಒಂದು ಕ್ಷಣವೂ ತಡೆದಿರಲಿಲ್ಲ.

"ನಂಗೆ ಸಿಟ್ಟಿಲ್ಲ ಅನ್ನಲ್ಲ" ಎಂದು ಇನ್ನಾಸಮ್ಮ ಎದ್ದರು. "ಹಿನಕಲ್‌ನಲ್ಲಿ ಒಂದು ಹೆರಿಗೆ ಇದೆ, ಹೋಗ್ಬೇಕು. ಕಷಾಯ ಕುಡೀರಿ, ಊಟ ಬುಟ್ಟು ಮುಖ ಬಾಡೋಗದೆ." ಪಾತ್ರೆ ವಾಪಸ್ಸು ಕೇಳಲಿಲ್ಲ, ಮತ್ತೆ ಬರುತ್ತೇನೆಂದೂ ಹೇಳಲಿಲ್ಲ.

ಪಂಕಜಮ್ಮ ಆಗಲೇ ಎದ್ದು, ಹಂಡೆಯ ತಣ್ಣೀರನ್ನೇ ತಲೆಯ ಮೇಲೆ ಸುರಿದುಕೊಂಡರು. ಹೊರಗಿರಬೇಕಾದ ದಿನಗಳು ಮುಗಿಯುವ ಮೊದಲೇ ಒಳಗೆ ಬಂದ ಸೊಸೆಯನ್ನು ನೋಡಿ ಅತ್ತೆ ದಾರಿ ಬಿಟ್ಟರು. ದೇವರ ಮುಂದಿನ ತಟ್ಟೆ ಎತ್ತಿಕೊಳ್ಳುವಾಗ ಬಿಂದುಮಾಧವರಾಯರು ಬಾಗಿಲಲ್ಲಿ ನಿಂತಿದ್ದರು.

"ಏನು ಹೇಳ್ತೀಯೆ ಅಲ್ಲಿ?"

"ನಿಮ್ಮ ಹೆಸರು ಬಿಟ್ಟು ಹೇಳೋಕೆ ಆಗಲ್ಲ. ನನ್ನ ಹೆಸರನ್ನೂ ಬಿಡಲ್ಲ."

ರಾಯರು ಬೀದಿಗಿಳಿದು, ತಾವೇ ಜಟಕಾ ಕೂಗಿದರು. ಜೊತೆಗೆ ಹತ್ತಲಿಲ್ಲ.

ಅಂತಃಪುರದ ಹೊರಕೋಣೆಯಲ್ಲಿ ಬಹಳ ಹೊತ್ತು ಕಾಯಿಸಿದ ಮೇಲೆ, ಅಲ್ಲಿನ ಮೇಲ್ವಿಚಾರಣೆಯ ಹಿರಿಯ ಹೆಂಗಸೊಬ್ಬರು ಬಂದರು. ತಟ್ಟೆ ನೋಡಿ ಹುಬ್ಬು ಗಂಟಿಕ್ಕಿದರು. ಪಂಕಜಮ್ಮ ನಡೆದದ್ದನ್ನು ನಡೆದ ಹಾಗೆ ಹೇಳಿದರು, ಊಟದ ಎಲೆಯ ಮುಂದಿನ ಮಾತನ್ನೂ ಬಿಡದೆ.

"ಅಷ್ಟೇನಾ?" ಎಂದರು ಆಕೆ, ಮುಖ ಸಡಿಲಿಸಿ. "ಆಕೆಯ ಗಂಡ ಬದುಕಿದ್ದಾರೆ ಅಂತ ಈಗಲಾದರೂ ಗೊತ್ತಾಯ್ತಲ್ಲ. ಅಷ್ಟನ್ನ ಹೇಳಿದರೆ ಸಾಕು, ತಿದ್ದಿಸಬಹುದು. ಹೇಳಲೇ?"

ಹೂಂ ಎಂದರೆ ಪದಕ ಲಷ್ಕರ್ ಮೊಹಲ್ಲಕ್ಕೆ ಹೋಗುತ್ತಿತ್ತು. ತನ್ನ ಎದೆಯೂ ಹಗುರಾಗುತ್ತಿತ್ತು. ಪಂಕಜಮ್ಮ ತಟ್ಟೆಯನ್ನು ಮುಂದಕ್ಕೆ ಸರಿಸಿದರು.

"ಹಾಗೆ ಹೇಳಬೇಡಿ. ಗಂಡ ಇರಲಿ, ಇಲ್ಲದಿರಲಿ, ಆಕೆಗೇ ಸಲ್ಲಬೇಕು ಅಂತ ಹೇಳಿ. ಆ ಪ್ರಶ್ನೆ ಕೇಳಲೇಬಾರದಿತ್ತು ಅಂತಲೂ ಹೇಳಿ."

"ಹಾಗೆ ಹೇಳಿದರೆ ಯಾರಿಗೂ ಸಿಗದೆ ಹೋದೀತು, ತಾಯಿ."

"ಗೊತ್ತು" ಎಂದರು ಪಂಕಜಮ್ಮ.

ಆ ಹಿರಿಯ ಹೆಂಗಸು ತಟ್ಟೆ ತೆಗೆದುಕೊಂಡು ಒಳಗೆ ಹೋದರು. ಪಂಕಜಮ್ಮ ಹೊರಗೆ ಬಂದಾಗ ಬಿಸಿಲು ಏರಿತ್ತು. ಇನ್ನಾಸಮ್ಮನಿಗೆ ಬರಬೇಕಾದದ್ದನ್ನು ಎರಡನೆಯ ಸಲವೂ ತಾನೇ ತಪ್ಪಿಸಿದೆನೋ ಏನೋ, ಪಂಕಜಮ್ಮನಿಗೆ ತಿಳಿಯಲಿಲ್ಲ. ಆದರೆ ಇದನ್ನು ಈ ಸಲ ಇನ್ನೊಬ್ಬರ ಬಾಯಿಂದ ಇನ್ನಾಸಮ್ಮ ಕೇಳಬಾರದು ಎಂಬುದು ತಿಳಿದಿತ್ತು. ಜಟಕಾದವನಿಗೆ ಹಿನಕಲ್ ಕಡೆಗೆ ಹೊಡೆಯಲು ಹೇಳಿದರು.